ಪಟ್ಟಣದಿಂದ ಬಂದ ಹೊಸ ಒಕ್ಕಲು

ಹಳ್ಳಿಯನ್ನು ಬಿಟ್ಟು ಪಟ್ಟಣಕ್ಕೆ ಹೋಗುವವರ ವಿಷಯವನ್ನು ನಾವೆಲ್ಲರೂ ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಪಟ್ಟಣವನ್ನು ಬಿಟ್ಟು ಹಳ್ಳಿಗೆ ಬರುವವರ ವಿಷಯವು ಈಚಿನದು. 2020ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಕೊರೋನಾ ಸಾಂಕ್ರಾಮಿಕದ ದೆಸೆಯಿಂದ ದೇಶದ ವ್ಯವಹಾರಗಳು ಸ್ತಬ್ಧವಾದಾಗ ಬೆಂಗಳೂರಿನಿಂದ ಅನೇಕ ಸಂಸಾರಗಳು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದುವು. ಇವರಲ್ಲಿ ಬಹುಮಂದಿ ಪುನಃ ಪಟ್ಟಣವನ್ನು ಸೇರಿದರಾದರೂ, ಕೆಲವರು ಪಿತ್ರಾರ್ಜಿತವಾದ ಜಮೀನಿನಲ್ಲಿಯೇ ನೆಲೆಸಲು ನಿಶ್ಚಯಿಸಿದರು. ಅದೇ ವರ್ಷದ ತಿದ್ದುಪಡಿಯಿಂದ ಭೂಸುಧಾರಣಾ ಕಾಯಿದೆಯ 79-ಎ, 79-ಬಿ ಮತ್ತು 79-ಸಿ ಪ್ರಕರಣಗಳು ತೆಗೆದುಹಾಕಲ್ಪಟ್ಟು, ವ್ಯವಸಾಯಗಾರರಲ್ಲದವರು ಸಾಗುವಳಿಯ ಭೂಮಿಯನ್ನು ಕೊಳ್ಳುವುದಕ್ಕಿದ್ದ ಅಡ್ಡಿಯೂ ನಿವಾರಣೆಯಾಯಿತು. ಈ ಎರಡು ಕಾರಣಗಳಿಂದ, ನೇಗಿಲನ್ನು ಹಿಡಿದು ಅಭ್ಯಾಸವಿಲ್ಲದ ಹೊಸ ಒಕ್ಕಲುಗಳು ನಮ್ಮ ಗ್ರಾಮಗಳಲ್ಲಿ ಅಲ್ಲಲ್ಲಿ ಕಾಣಬರುತ್ತಿವೆ.

ಇಂತಹವರನ್ನು ಕಂಡು ನಗುವುದು ಸುಲಭ. ಆದರೆ ಅವರು ಸೋತರೆ ಆಗುವ ನಷ್ಟವು ಅವರೊಬ್ಬರದೇ ಅಲ್ಲವೆಂಬುದನ್ನು ಗ್ರಾಮಪ್ರಮುಖರು ಆಲೋಚಿಸಬೇಕು. ಎರಡು ಮೂರು ವರ್ಷ ಹಣವನ್ನು ಸುರಿದು ಬೇಸತ್ತ ಮನುಷ್ಯನು ಭೂಮಿಯನ್ನು ಇನ್ನೊಬ್ಬ ರೈತನಿಗೆ ಮಾರುವುದು ಅಪರೂಪ. ಹೆಚ್ಚು ಬೆಲೆಯನ್ನು ಕೊಡುವವನು ನಿವೇಶನ ಮಾಡುವ ವ್ಯಾಪಾರಿ. ಒಮ್ಮೆ ಕಲ್ಲು ನೆಟ್ಟು ರಸ್ತೆ ಎಳೆದ ನೆಲವು ಮತ್ತೆ ಹೊಲವಾಗುವುದಿಲ್ಲ. ನೆರೆಯ ಹೊಲಗಳ ನೀರಿನ ದಾರಿಯೂ ಕೆರೆಗೆ ಹೋಗುವ ಕಾಲುವೆಯೂ ಅದರೊಡನೆ ಕೆಡುತ್ತವೆ. ಆದುದರಿಂದ ಹೊಸ ಒಕ್ಕಲಿಗೆ ನೆಲದ ವಿದ್ಯೆಯನ್ನು ಕಲಿಸುವುದು ಊರಿನ ಸ್ವಂತ ಹಿತಕ್ಕೆ ಸೇರಿದ ಕಾರ್ಯವೇ ಆಗಿದೆ. ಅದನ್ನು ಕಲಿಸತಕ್ಕ ಸ್ಥಳವು ಮೂರು ನಾಲ್ಕು ಎಕರೆಯ ಹೊಲವಲ್ಲ, ಮನೆಯ ಹಿಂದಿನ ಒಂದೆರಡು ಗುಂಟೆಯ ಕೈತೋಟ, ಎಂಬುದನ್ನು ತುಮಕೂರು ಜಿಲ್ಲೆಯ ಮೈದಾನಸೀಮೆಯ ಒಂದು ಗ್ರಾಮದ ಉದಾಹರಣೆಯಿಂದ ಈ ಲೇಖನದಲ್ಲಿ ನಿರೂಪಿಸಲಾಗಿದೆ.

ಪ್ರಾರಂಭದ ಆತುರ

ಈ ಗೃಹಸ್ಥರು ಹನ್ನೆರಡನೆಯ ವಯಸ್ಸಿನಲ್ಲಿಯೇ ಓದಿಗಾಗಿ ಊರನ್ನು ಬಿಟ್ಟವರು. ಬೆಂಗಳೂರಿನ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಲೆಕ್ಕಪತ್ರದ ಕೆಲಸ ಮಾಡಿ, 2022ನೆಯ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಪತ್ನಿಯೊಡನೆ ಊರಿಗೆ ಬಂದು ನೆಲೆಸಿದರು. ಚಿಕ್ಕಪ್ಪನವರು ಸಾಗುವಳಿ ಮಾಡುತ್ತಿದ್ದ ಮೂರು ಎಕರೆ ಕೆಮ್ಮಣ್ಣಿನ ಖುಷ್ಕಿ ಇವರ ಪಾಲಿಗೆ ಬಂದಿತ್ತು. ಪಟ್ಟಣದ ಮನೆಯ ಮಹಡಿಯ ಮೇಲೆ ಕುಂಡಗಳಲ್ಲಿ ಟೊಮೇಟೊ, ಪುದೀನ, ಕೊತ್ತಂಬರಿಗಳನ್ನು ಬೆಳೆದು ಇವರಿಗೆ ಅಭ್ಯಾಸವಿದ್ದಿತು. ಕುಂಡದಲ್ಲಿ ಬಂದುದು ಹೊಲದಲ್ಲಿ ಏಕೆ ಬಾರದು ಎಂಬ ಧೈರ್ಯವೇ ಇವರ ಬಂಡವಾಳ.

ಬಂದ ಎರಡನೆಯ ತಿಂಗಳಲ್ಲಿ ಮಣ್ಣು ತೆಗೆಯುವ ಯಂತ್ರವನ್ನು ತರಿಸಿ, ಅಂಕುಡೊಂಕಾಗಿದ್ದ ಹಳೆಯ ಬದುಗಳನ್ನು ಒಡೆಸಿ, ಬದುವಿನ ಮೇಲಿದ್ದ ಹೊಂಗೆಯ ಮರಗಳನ್ನು ಕಡಿಸಿ, ಮೂರು ಎಕರೆಯನ್ನೂ ಒಂದೇ ಸಮತಟ್ಟು ಮಾಡಿಸಿದರು. ನೋಡುವುದಕ್ಕೆ ಅಂದವಾಯಿತು. ಆದರೆ ಮೇಲುಭಾಗದ ಒಳ್ಳೆಯ ಮಣ್ಣು ತಗ್ಗಿನ ಮೂಲೆಗೆ ಸೇರಿ, ಅರ್ಧ ಹೊಲದಲ್ಲಿ ಗರಸು ಮೇಲಕ್ಕೆ ಬಂದಿತು. ಮಾರ್ಚಿಯ ಬಿಸಿಲಿನಲ್ಲಿಯೇ ಮಾವು, ಸಪೋಟ, ಸೀಬೆ, ನಿಂಬೆಯ ಸಸಿಗಳನ್ನು ನೆಡಿಸಿದರು. ಗುಣಿಗಳಿಗೆ ಹಾಕಿದುದು ಕೊಟ್ಟಿಗೆಯಿಂದ ಆಗತಾನೆ ತಂದ ಹಸಿ ಸಗಣಿ. ಅದಕ್ಕೆ ಗೆದ್ದಲು ಮುತ್ತಿ, ಒಂದು ತಿಂಗಳೊಳಗೆ ಬಹುಪಾಲು ಸಸಿಗಳು ಒಣಗಿದುವು.

ಅನಂತರ ಮಳೆ ಬಂದಿತು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆಯೆಂದು ನಮ್ಮವರು ಹೇಳುವುದುಂಟು. ಬದುವಿಲ್ಲದ ಹೊಲಕ್ಕೆ ಆ ಮಾತು ಸಲ್ಲುವುದಿಲ್ಲ. ಭರಣಿಯಲ್ಲಿ ನೆನೆದ ಸಡಿಲು ಮಣ್ಣು ಕೃತ್ತಿಕೆಯ ಒಂದು ರಾತ್ರಿಯ ಮಳೆಗೆ ಕೊಚ್ಚಿಕೊಂಡು ಹೋಗಿ, ಕೆಳಗಿನ ಹೊಲದವರ ಹೆಸರಿನ ಪೈರಿನ ಮೇಲೆ ಮರಳಾಗಿ ಹರಡಿತು. ಒಂದು ಅಂಗುಲ ಮಳೆಯೆಂದರೆ ಎಕರೆಯೊಂದಕ್ಕೆ ಲಕ್ಷ ಲೀಟರಿಗೆ ಮೀರಿದ ನೀರು. ಹಿಂದಿನವರು ಬದುವನ್ನು ಅಂಕುಡೊಂಕಾಗಿ ಹಾಕಿದ್ದುದು ಅಷ್ಟು ನೀರನ್ನು ಇಳಿಜಾರಿಗೆ ಅಡ್ಡಲಾಗಿ ತಡೆದು ನಿಲ್ಲಿಸಿ ಇಂಗಿಸುವುದಕ್ಕಾಗಿಯೇ ಹೊರತು ಅಳತೆ ತಿಳಿಯದೆ ಅಲ್ಲ.

ಕೆಳಗಿನ ಹೊಲದವರು ಠಾಣೆಗೆ ಹೋಗಲು ಹೊರಟರು. ಮೇಲಿನ ಹೊಲದವರು ಭೂಮಿಯನ್ನು ಮಾರಿ ಬೆಂಗಳೂರಿಗೆ ಹಿಂದಿರುಗಲು ಸಿದ್ಧರಾದರು. ವಾರದೊಳಗೆ ದಲ್ಲಾಳಿಯೂ ಬಂದು ಹೊಲವನ್ನು ನೋಡಿಕೊಂಡು ಹೋದನು.

ಊರಿನ ಯಜಮಾನರು ಮಾಡಿದ ಕೆಲಸ

ಪಟೇಲಿಕೆಯು 1961ರ ಕಾಯಿದೆಯಿಂದ ರದ್ದಾಗಿದ್ದರೂ, ಹತ್ತು ಜನ ಮನ್ನಿಸುವ ಹಿರಿಯರು ಒಬ್ಬಿಬ್ಬರು ಪ್ರತಿ ಊರಿನಲ್ಲಿಯೂ ಇರುತ್ತಾರೆ. ಈ ಗ್ರಾಮದ ಯಜಮಾನರು ಇಬ್ಬರನ್ನೂ ತಮ್ಮ ಜಗಲಿಗೆ ಕರೆಸಿದರು. ಬಿತ್ತನೆಯ ಬೀಜದ ಮತ್ತು ಉಳುಮೆಯ ಖರ್ಚನ್ನು ಮೇಲಿನವರು ಕೊಡತಕ್ಕದ್ದೆಂದೂ, ಹಳೆಯ ಜಾಡಿನಲ್ಲಿಯೇ ಬದುವನ್ನು ಮತ್ತೆ ಹಾಕಿ, ಹೆಚ್ಚಿದ ನೀರು ಹೋಗಲು ಕಲ್ಲು ಜೋಡಿಸಿದ ಕೋಡಿಯನ್ನು ಇಬ್ಬರೂ ಸೇರಿ ಕಟ್ಟತಕ್ಕದ್ದೆಂದೂ ತೀರ್ಮಾನವಾಯಿತು. ಅನಂತರ ಯಜಮಾನರು ಹೊಸಬರಿಗೆ ಹೇಳಿದ ಮಾತು ಇದು: “ಸ್ವಾಮಿ, ಒಂದು ವರ್ಷ ಆ ಮೂರು ಎಕರೆಯನ್ನು ಮರೆತುಬಿಡಿ. ಕೂಲಿ ಕೊಟ್ಟು ರಾಗಿ ಬಿತ್ತಿಸಿ, ಸಾಕು. ನೀವು ನಿಮ್ಮ ಕೈಯಿಂದ ಮನೆಯ ಹಿಂದಿನ ಎರಡು ಗುಂಟೆಯನ್ನು ಮಾಡಿ. ಅಶ್ವಿನಿಯಿಂದ ಸ್ವಾತಿಯವರೆಗೆ ಒಂದು ಸುತ್ತು ಮಳೆಯನ್ನು ನೋಡಿ. ಆಮೇಲೂ ಮಾರಬೇಕೆನ್ನಿಸಿದರೆ ನಾನೇ ಗಿರಾಕಿಯನ್ನು ಕರೆತರುತ್ತೇನೆ.”

ತೋಟದ ಕೆಲಸವನ್ನು ತೋರಿಸಿಕೊಡುವ ಭಾರವನ್ನು ಕೆಳಗಿನ ಹೊಲದವರ ತಾಯಿಗೇ ಅವರು ಒಪ್ಪಿಸಿದರು. ಎಪ್ಪತ್ತು ದಾಟಿದ ಆ ಅಜ್ಜಿಯ ಹಿತ್ತಲಿನಲ್ಲಿ ವರ್ಷದ ಎಲ್ಲ ದಿನವೂ ಏನಾದರೂ ಒಂದು ಸೊಪ್ಪೋ ಕಾಯಿಯೋ ಇದ್ದೇ ಇರುತ್ತಿತ್ತು. ಜಗಳವಾಡಿದ ಮನೆಯವರೇ ಗುರುವಾದುದರಿಂದ ವೈಮನಸ್ಯವೂ ಕ್ರಮೇಣ ಇಳಿಯಿತು. ನಾನು ಸರ್ಕೀಟಿನ ಮೇಲೆ ಆ ಗ್ರಾಮಕ್ಕೆ ಹೋದಾಗಲೆಲ್ಲ ಆ ಕೈತೋಟವನ್ನು ನೋಡುತ್ತ ಬಂದಿದ್ದೇನೆ. ಅಲ್ಲಿ ಕಲಿತ ಪಾಠಗಳು ಬೇರೆ ಹೊಸಬರಿಗೂ ಉಪಯುಕ್ತವಾದುದರಿಂದ ಅವನ್ನು ಕ್ರಮವಾಗಿ ಕೆಳಗೆ ಬರೆದಿದೆ.

ಮಣ್ಣಿನ ಹದ

ಕುಂಡದ ಮಣ್ಣು ಗೊಬ್ಬರವೇ ಹೆಚ್ಚಾಗಿ ಬೆರೆತ ಮಣ್ಣು. ಮೈದಾನಸೀಮೆಯ ಕೆಮ್ಮಣ್ಣಿನಲ್ಲಿ ಸಾವಯವ ಅಂಶವು ಕಡಮೆ. ಮಳೆಯ ಹೊಡೆತಕ್ಕೆ ಅದರ ಮೈ ಹೆಪ್ಪುಗಟ್ಟಿ, ಮೊಳಕೆಯು ಮೇಲಕ್ಕೆ ಏಳಲಾರದಂತಾಗುತ್ತದೆ. ತೀರ ಒದ್ದೆಯಾಗಿರುವಾಗ ಅಗೆದರೆ ಹೆಂಟೆಯು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅಜ್ಜಿಯು ಕಲಿಸಿದ ಮೊದಲನೆಯ ಪಾಠವು ಹದವನ್ನು ನೋಡುವುದು: ನಾಲ್ಕು ಅಂಗುಲ ಕೆಳಗಿನ ಮಣ್ಣನ್ನು ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಪುಡಿಯಾಗಬೇಕು. ಆಗ ಮಾತ್ರ ಗುದ್ದಲಿಯನ್ನು ಹಾಕತಕ್ಕದ್ದು.

ಚೆನ್ನಾಗಿ ಕೊಳೆತು ವಾಸನೆ ಹೋಗಿ ಕಪ್ಪಗಾದ ಕೊಟ್ಟಿಗೆಯ ಗೊಬ್ಬರವನ್ನು ಗುಂಟೆಗೆ ಸುಮಾರು 250 ಕಿಲೋಗ್ರಾಂನಂತೆ ಹಾಕಬೇಕು. ಇದು ಎಕರೆಗೆ 10 ಟನ್ನಿನ ಲೆಕ್ಕ. ಹಸಿ ಸಗಣಿಯು ಗೆದ್ದಲನ್ನೂ ಗೊಬ್ಬರದ ಹುಳುವನ್ನೂ ತರುವುದರಿಂದ ಅದು ತಿಪ್ಪೆಯಲ್ಲಿ ಕೆಲವು ತಿಂಗಳು ಕಳಿಯಲೇಬೇಕು. ಕಡಿದುಹೋದ ಹೊಂಗೆಯ ಸ್ಥಾನದಲ್ಲಿ ಹೊಸ ಹೊಂಗೆಯ ಸಸಿಗಳನ್ನೂ, ಅವು ಬೆಳೆಯುವವರೆಗೆ ಹಸುರೆಲೆಗಾಗಿ ಗೊಬ್ಬರದ ಗಿಡದ ಕಡ್ಡಿಗಳನ್ನೂ ಬದುವಿನ ಮೇಲೆ ನೆಡಿಸಲಾಯಿತು. ಗೊಬ್ಬರದ ಗಿಡವು ಕಡ್ಡಿಯಿಂದಲೇ ಚಿಗುರಿ, ಕತ್ತರಿಸಿದಷ್ಟೂ ಸೊಪ್ಪನ್ನು ಕೊಡುತ್ತದೆ.

ಮಣ್ಣಿನ ಪರೀಕ್ಷೆಯನ್ನೂ ಮಾಡಿಸಬೇಕು. ಹೊಲದ ಹತ್ತು ಹದಿನೈದು ಕಡೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಆರು ಅಂಗುಲ ಆಳದ ಗುಣಿ ತೆಗೆದು, ಅದರ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಸಮನಾಗಿ ಮಣ್ಣನ್ನು ಕೆರೆದು ತೆಗೆದು, ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗಗಳನ್ನು ಬಿಡುತ್ತ, ಕೊನೆಗೆ ಉಳಿಯುವ ಅರ್ಧ ಕಿಲೋ ಮಣ್ಣನ್ನು ನೆರಳಿನಲ್ಲಿ ಆರಿಸಿ ರೈತ ಸಂಪರ್ಕ ಕೇಂದ್ರಕ್ಕೆ ಕೊಡತಕ್ಕದ್ದು. ತಿಪ್ಪೆಯ ಬಳಿ, ಮರದ ಬುಡದಲ್ಲಿ, ಬದುವಿನ ಅಂಚಿನಲ್ಲಿ ಮಾದರಿಯನ್ನು ತೆಗೆಯಕೂಡದು.

ನೀರಿನ ಲೆಕ್ಕ

ಪಟ್ಟಣದಿಂದ ಬಂದವರು ಎಲ್ಲಕ್ಕಿಂತ ಮೊದಲು ಕೊಳವೆ ಬಾವಿಯ ಮಾತನ್ನು ಎತ್ತುತ್ತಾರೆ. ಈ ಗೃಹಸ್ಥರೂ ಕುಡಿಯುವ ನೀರಿನ ಬಾವಿಗೆ ಸಮೀಪದಲ್ಲಿಯೇ ಒಂದನ್ನು ಕೊರೆಸಲು ಯೋಚಿಸಿದ್ದರು. ಯಜಮಾನರು ಬೇಡವೆಂದು ತಡೆದರು. ಕೈತೋಟಕ್ಕೆ ಎಷ್ಟು ನೀರು ಬೇಕೆಂಬುದನ್ನು ಲೆಕ್ಕ ಮಾಡಿ ನೋಡೋಣ. ಗುಂಟೆಯೆಂದರೆ 33 ಅಡಿ ಚದರ, ಅಂದರೆ ಸುಮಾರು 100 ಚದರ ಮೀಟರು. ಬೇಸಗೆಯಲ್ಲಿ ತರಕಾರಿಗೆ ದಿನಕ್ಕೆ 4ರಿಂದ 5 ಮಿಲಿಮೀಟರಿನಷ್ಟು ನೀರು ಬೇಕಾದರೆ, ಗುಂಟೆಯೊಂದಕ್ಕೆ 400ರಿಂದ 500 ಲೀಟರು ಸಾಕು. ಮಳೆಗಾಲದಲ್ಲಿ ಇದರ ಬಹುಭಾಗವನ್ನು ಆಕಾಶವೇ ಕೊಡುತ್ತದೆ. ಸಾವಿರ ಚದರ ಅಡಿಯ ಸೂರಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,300 ಲೀಟರಿನಷ್ಟು ನೀರು ಬೀಳುತ್ತದೆ. ಸೂರಿನ ನೀರನ್ನು ತೊಟ್ಟಿಗೆ ಇಳಿಸಿ, ಬಚ್ಚಲ ನೀರನ್ನು ಬಾಳೆಗೂ ಕೆಸವಿಗೂ ತಿರುಗಿಸಿ, ಬೇಸಗೆಯಲ್ಲಿ ಒಂದೇ ಗುಂಟೆಯಲ್ಲಿ ತರಕಾರಿ ಇಟ್ಟುಕೊಂಡುದರಿಂದ ಹೊಸ ಬಾವಿಯ ಅಗತ್ಯವೇ ಬೀಳಲಿಲ್ಲ. ತೊಟ್ಟಿಯು ಬರಿದಾದ ದಿನಗಳಲ್ಲಿ ಹಿತ್ತಲಿನ ಹಳೆಯ ಸೇದುವ ಬಾವಿಯೇ ಸಾಕಾಯಿತು.

ನೀರನ್ನು ಕೊಡುವ ಕ್ರಮವೂ ಮುಖ್ಯ. ಕುಂಡಕ್ಕೆ ಎರೆದು ಅಭ್ಯಾಸವಾದವರು ನಿತ್ಯವೂ ಸ್ವಲ್ಪ ಸ್ವಲ್ಪ ಚಿಮುಕಿಸುತ್ತಾರೆ. ಇದರಿಂದ ಬೇರುಗಳು ಮೇಲ್ಗಡೆಯೇ ಉಳಿದು, ಒಂದು ದಿನ ತಪ್ಪಿದರೂ ಗಿಡ ಬಾಡುತ್ತದೆ. ಬೇರೂರಿದ ಗಿಡಗಳಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಸಂಜೆಯ ಹೊತ್ತು ಆಳವಾಗಿ ಇಂಗುವಂತೆ ಕೊಟ್ಟು, ಬುಡಕ್ಕೆ ತರಗೆಲೆ, ಅವರೆಯ ಹೊಟ್ಟು, ತೆಂಗಿನ ಸಿಪ್ಪೆ ಇವುಗಳಲ್ಲಿ ದೊರೆತುದನ್ನು ಹೊದಿಸಬೇಕು. ರಾಗಿಯ ಹುಲ್ಲು ದನಗಳ ಪಾಲು, ಅದನ್ನು ಮುಟ್ಟಬಾರದು. ಹೊದಿಕೆಯ ಕೆಳಗೆ ತಂಪನ್ನು ಹುಡುಕಿಕೊಂಡು ಹಾವುಗಳೂ ಬರುವುದರಿಂದ ಬರಿಗೈಯನ್ನು ಹಾಕದೆ ಮೊದಲು ಕೋಲಿನಿಂದ ಸರಿಸಿ ನೋಡತಕ್ಕದ್ದು. ಕತ್ತಲಾದ ಮೇಲೆ ದೀಪವೂ ಪಾದರಕ್ಷೆಯೂ ಇಲ್ಲದೆ ತೋಟಕ್ಕೆ ಇಳಿಯಬಾರದು. ಕೊಳಕುಮಂಡಲವೇ ಮುಂತಾದವು ಕಚ್ಚಿದರೆ ಮಂತ್ರ ಮದ್ದುಗಳಲ್ಲಿ ಕಾಲವನ್ನು ಕಳೆಯದೆ ವಿಷಹರ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು.

ಕಾಲವನ್ನು ಅರಿಯುವುದು

ಪಟ್ಟಣದ ಅಂಗಡಿಯಲ್ಲಿ ಎಲ್ಲ ತರಕಾರಿಯೂ ಎಲ್ಲ ಕಾಲದಲ್ಲಿಯೂ ಸಿಕ್ಕುತ್ತದೆ. ನೆಲದಲ್ಲಿ ಹಾಗಿಲ್ಲ. ಭರಣಿ, ಕೃತ್ತಿಕೆಗಳಲ್ಲಿ ನೆಲ ನೆನೆದೊಡನೆ ಸೋರೆ, ಹೀರೆ, ಪಡವಲ, ಹಾಗಲ, ಕುಂಬಳ, ಬೆಂಡೆಗಳ ಬೀಜವನ್ನು ಊರಬಹುದು. ಬದನೆ, ಟೊಮೇಟೊ, ಮೆಣಸಿನಕಾಯಿಗಳನ್ನು ಒಟ್ಟಲಿನಲ್ಲಿ ಬೆಳೆಸಿ, ನಾಲ್ಕು ವಾರದ ಸಸಿಯನ್ನು ಮೋಡ ಕವಿದ ದಿನದಲ್ಲಾಗಲಿ ಸಂಜೆಯಲ್ಲಾಗಲಿ ನಾಟಿ ಮಾಡಬೇಕು. ಮಳೆಗಾಲದ ಒಟ್ಟಲು ನೆಲಕ್ಕಿಂತ ನಾಲ್ಕಾರು ಅಂಗುಲ ಎತ್ತರವಾಗಿರತಕ್ಕದ್ದು. ಅಗಲವು ನಾಲ್ಕು ಅಡಿಗೆ ಮೀರದಿದ್ದರೆ ಎರಡು ಕಡೆಯಿಂದಲೂ ಕೈ ನಿಲುಕುತ್ತದೆ. ಈ ಗೃಹಸ್ಥರ ಮೊದಲನೆಯ ಒಟ್ಟಲು ಬುಡ ಕೊಳೆತು ಒಂದೇ ವಾರದಲ್ಲಿ ಮಲಗಿತು. ಬೀಜವನ್ನು ಒತ್ತಾಗಿ ಚೆಲ್ಲಿ, ದಿನಕ್ಕೆ ಮೂರು ಹೊತ್ತು ನೀರು ಎರೆದುದೇ ಇದಕ್ಕೆ ಕಾರಣ. ಎರಡನೆಯ ಸಲ ಸಾಲಿನಲ್ಲಿ ತೆಳುವಾಗಿ ಬಿತ್ತಿ, ಮಣ್ಣಿನ ಮೈ ಆರಿದ ಮೇಲೆ ಮಾತ್ರ ನೀರು ಕೊಟ್ಟುದರಿಂದ ಸಸಿಗಳು ನಿಂತುವು. ಹಸ್ತ, ಚಿತ್ತೆ ಕಳೆದು ಚಳಿ ಇಳಿಯುವಾಗ ಎಲೆಕೋಸು, ಹೂಕೋಸು, ಮೂಲಂಗಿ, ಗಜ್ಜರಿಗಳಿಗೆ ಹೊತ್ತು. ದಂಟು, ಬಸಳೆ, ನುಗ್ಗೆ, ಕರಿಬೇವುಗಳು ವರ್ಷವೆಲ್ಲ ಮನೆಯನ್ನು ಕಾಯುವ ಗಿಡಗಳು.

ಅವರೆಯ ವಿಷಯವನ್ನು ಇಲ್ಲಿ ಹೇಳುವುದು ಅವಶ್ಯ. ಈ ಗೃಹಸ್ಥರು ಮೇ ತಿಂಗಳ ಕೊನೆಯಲ್ಲಿಯೇ ಊರಿನ ನಾಟಿ ಅವರೆಯನ್ನು ಹಾಕಿದರು. ಬಳ್ಳಿಯು ಚಪ್ಪರವನ್ನು ತುಂಬಿತು, ಆದರೆ ಸೆಪ್ಟೆಂಬರು ಕಳೆದರೂ ಹೂವಿಲ್ಲ. ಬೀಜವೇ ಕೆಟ್ಟದ್ದೆಂದು ಕೀಳಲು ಹೊರಟಾಗ ಅಜ್ಜಿಯು ತಡೆದು, “ಚಳಿ ಬೀಳಲಿ ಕಣಪ್ಪ, ಅದರ ಹೊತ್ತಿಗೆ ಅದು ಹೂ ಬಿಡ್ತದೆ” ಎಂದಳು. ಹಾಗೆಯೇ ಆಯಿತು. ಇದರ ಕಾರಣವೇನೆಂದರೆ, ನಾಟಿ ಅವರೆಯು ಹಗಲು ಮೋಟಾದ ಮೇಲೆಯೇ ಹೂ ಕಟ್ಟುವ ಸ್ವಭಾವದ್ದು. ವರ್ಷದ ಯಾವ ಕಾಲದಲ್ಲಾದರೂ ಫಲ ಕೊಡತಕ್ಕ ತಳಿಯು ಬೇಕಾದವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹೊರತಂದಿರುವ ಹೆಬ್ಬಾಳ ಅವರೆ 3 ಮತ್ತು 4 ಎಂಬುವನ್ನು ಬಿತ್ತಬಹುದು. ಸೊಗಡು ಬೇಕಾದವರು ನಾಟಿಯನ್ನೇ ಬಿತ್ತಿ ಚಳಿಗಾಗಿ ಕಾಯತಕ್ಕದ್ದು. ಅಜ್ಜಿಯ ಮಾತೂ ಶಾಸ್ತ್ರದ ಮಾತೂ ಇಲ್ಲಿ ಒಂದೇ.

ಹುಳು ಮತ್ತು ರೋಗ

ಎಲೆಯಲ್ಲಿ ಒಂದು ತೂತನ್ನು ಕಂಡೊಡನೆ ಔಷಧಿಯ ಅಂಗಡಿಗೆ ಓಡುವುದು ಹೊಸಬರ ಚಟ. ನಮ್ಮ ಹಳೆಯ ಬೇಸಾಯಗಾರರಲ್ಲಿಯೂ ಇದು ಕಡಮೆಯಿಲ್ಲವೆಂದು ಹೇಳದೆ ವಿಧಿಯಿಲ್ಲ. ಎರಡು ಗುಂಟೆಯಲ್ಲಿ ಪ್ರತಿದಿನ ಬೆಳಗ್ಗೆ ಕೈಯಿಂದಲೇ ಹುಳುವನ್ನು ಆರಿಸಿ, ಕೊರೆದ ಕಾಯಿಗಳನ್ನು ಕಿತ್ತು ಹೂಳಬಹುದು. ಅದಕ್ಕೂ ಮೀರಿದರೆ, ಪುಡಿ ಮಾಡಿದ ಬೇವಿನ ಬೀಜದ ತಿರುಳನ್ನು ಲೀಟರಿಗೆ 50 ಗ್ರಾಮಿನಂತೆ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಸೋಸಿ, ಸ್ವಲ್ಪ ಸಾಬೂನನ್ನು ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಬೇಕು. ಬೆಂಡೆಗೆ ಬರುವ ಹಳದಿ ನಂಜುರೋಗಕ್ಕೆ ಯಾವ ಔಷಧಿಯೂ ಇಲ್ಲ. ರೋಗ ಹಿಡಿದ ಗಿಡವನ್ನು ಕಿತ್ತು ಸುಡುವುದೂ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕದಂತಹ ತಡೆಯುವ ತಳಿಯನ್ನು ಬಿತ್ತುವುದೂ ಇರುವ ಮಾರ್ಗಗಳು.

ಫಲ

ಆ ವರ್ಷದ ಕೊನೆಗೆ ಕೈತೋಟದಿಂದ ಬಂದುದು ಇಬ್ಬರ ಊಟಕ್ಕೆ ಸಾಕಾಗಿ ನೆರೆಯವರಿಗೂ ಹಂಚುವಷ್ಟು ತರಕಾರಿ. ಹಣದ ಲೆಕ್ಕದಲ್ಲಿ ಇದು ಅಲ್ಪವೇ ಸರಿ. ಆದರೆ ಯಾವ ಮಳೆಗೆ ಯಾವ ಬೀಜ, ಯಾವ ಮಣ್ಣಿಗೆ ಎಷ್ಟು ನೀರು ಎಂಬ ತಿಳಿವಳಿಕೆಯು ಎರಡು ಗುಂಟೆಯ ಖರ್ಚಿನಲ್ಲಿ ಬಂದಿತು. ಅದನ್ನೇ ಮೂರು ಎಕರೆಯಲ್ಲಿ ಕಲಿಯಲು ಹೊರಟಿದ್ದರೆ ಭೂಮಿಯೇ ಉಳಿಯುತ್ತಿರಲಿಲ್ಲ. ಎರಡನೆಯ ವರ್ಷ ಮಳೆ ಹಿಡಿದ ಮೇಲೆ ಅರ್ಧ ಎಕರೆಯಲ್ಲಿ ಸೀಬೆಯನ್ನೂ ನಿಂಬೆಯನ್ನೂ ಕೊಳೆತ ಗೊಬ್ಬರದೊಡನೆ ನೆಟ್ಟರು. ಉಳಿದುದರಲ್ಲಿ ರಾಗಿ, ಅಕ್ಕಡಿಯ ಸಾಲಿನಲ್ಲಿ ಅವರೆ, ತೊಗರಿ ನಡೆಯುತ್ತಿವೆ. ಗರಸು ಎದ್ದ ಭಾಗವು ಇನ್ನೂ ಪೂರ್ತಿಯಾಗಿ ಸುಧಾರಿಸಿಲ್ಲ. ಯಂತ್ರವು ಎರಡು ದಿನದಲ್ಲಿ ಮಾಡಿದ ಹಾನಿಯನ್ನು ಹುರುಳಿಯನ್ನು ಬಿತ್ತಿ ಮಣ್ಣಿಗೆ ಉಳುತ್ತ ವರ್ಷಗಟ್ಟಲೆ ತೀರಿಸಬೇಕಾಗಿದೆ. ದಲ್ಲಾಳಿಯು ಮತ್ತೆ ಬರಲಿಲ್ಲ.

ಊರಿಗೂ ಪ್ರಯೋಜನವಾಗದೆ ಇಲ್ಲ. ಲೆಕ್ಕಪತ್ರದಲ್ಲಿ ಪಳಗಿದ ಈ ಗೃಹಸ್ಥರು ಮಳೆಮಾಪಕವೊಂದನ್ನು ನಿಲ್ಲಿಸಿ ಪ್ರತಿದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ನೆರೆಯವರ ಮಣ್ಣಿನ ಮಾದರಿಗಳನ್ನು ಕಳುಹಿಸಿ, ಬಂದ ಚೀಟಿಗಳನ್ನು ಓದಿ ಹೇಳುತ್ತಾರೆ. ಔಷಧಿಯ ಡಬ್ಬಿಯ ಮೇಲಿನ ಎಚ್ಚರಿಕೆಗಳನ್ನು ವಿವರಿಸುತ್ತಾರೆ. ಕಲಿಯುವುದು ಎರಡು ಕಡೆಯಿಂದಲೂ ನಡೆದಿದೆ.

ಗ್ರಾಮಪ್ರಮುಖರು ಗಮನಿಸತಕ್ಕ ಅಂಶಗಳು

(1) ಹೊಸ ಒಕ್ಕಲು ಬಂದ ಕೂಡಲೆ ಅವರೊಡನೆ ಹೊಲವನ್ನು ಸುತ್ತಿ, ಬದು, ನೀರಿನ ದಾರಿ, ಕೆರೆಯ ಕಾಲುವೆ, ಬಂಡಿಯ ಜಾಡು ಇವುಗಳನ್ನು ತೋರಿಸಿಕೊಡಬೇಕು. ಹಾಳಾದ ಮೇಲೆ ದೂರು ಹೇಳುವುದಕ್ಕಿಂತ ಇದು ಲೇಸು.

(2) ಒಂದು ಸುತ್ತು ಮಳೆ ಕಳೆಯುವವರೆಗೆ ಬದುವನ್ನಾಗಲಿ ಮರವನ್ನಾಗಲಿ ಮುಟ್ಟದಿರುವಂತೆ ಒಪ್ಪಿಸಬೇಕು.

(3) ಮೊದಲನೆಯ ವರ್ಷ ಎರಡು ಗುಂಟೆಗೆ ಮೀರದ ಕೈತೋಟವನ್ನು ಸ್ವಂತ ಕೈಯಿಂದ ಮಾಡುವಂತೆ ಹೇಳಬೇಕು.

(4) ಹಿತ್ತಲನ್ನು ಚೆನ್ನಾಗಿ ಇಟ್ಟುಕೊಂಡಿರುವ ಹಿರಿಯರೊಬ್ಬರನ್ನು ಗುರುವಾಗಿ ಗೊತ್ತುಮಾಡಬೇಕು. ಅನೇಕ ಊರುಗಳಲ್ಲಿ ಈ ವಿದ್ಯೆಯು ಹೆಂಗಸರಲ್ಲಿಯೇ ಉಳಿದಿದೆಯೆಂಬುದನ್ನು ಮರೆಯಬಾರದು.

(5) ನಾಟಿ ಬೀಜವನ್ನು ಒಂದೊಂದು ಹಿಡಿಯಾದರೂ ಕೊಟ್ಟು, ಮರುವರ್ಷ ಅಷ್ಟನ್ನೇ ಹಿಂದಕ್ಕೆ ಪಡೆಯುವ ರೂಢಿಯನ್ನು ಬೆಳೆಸಬೇಕು.

(6) ಕೊಳವೆ ಬಾವಿಗೆ ಮೊದಲು ಸೂರಿನ ನೀರು, ಬಚ್ಚಲ ನೀರು ಮತ್ತು ಇರುವ ಬಾವಿಯ ಲೆಕ್ಕವನ್ನು ಹಾಕಿಸಬೇಕು.

(7) ಮಣ್ಣು, ಬೀಜ, ರೋಗಗಳ ವಿಷಯದಲ್ಲಿ ಸಂದೇಹವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಕಳುಹಿಸಿಕೊಡಬೇಕು.

ಊರಿನಲ್ಲಿ ಹುಟ್ಟಿದ ಮಗುವಿಗೆ ಬೇಸಾಯವನ್ನು ಯಾರೂ ಪಾಠ ಹೇಳಿ ಕಲಿಸುವುದಿಲ್ಲ. ತಾಯಿಯ ಹಿಂದೆ ಹಿತ್ತಲಿಗೆ ಹೋಗಿ, ತಂದೆಯ ಹಿಂದೆ ಹೊಲಕ್ಕೆ ಹೋಗಿ ಅದು ತಾನಾಗಿಯೇ ಕಲಿಯುತ್ತದೆ. ಪಟ್ಟಣದಿಂದ ಬಂದವರಿಗೆ ಆ ಭಾಗ್ಯವು ತಪ್ಪಿದೆ. ಅವರು ನಲವತ್ತರ ವಯಸ್ಸಿನಲ್ಲಿ ಮೊದಲನೆಯ ತರಗತಿಗೆ ಸೇರಿದವರೆಂದು ಭಾವಿಸಿ, ಒಂದು ವರ್ಷ ತಾಳ್ಮೆಯಿಂದ ಕೈ ಹಿಡಿದರೆ, ಆ ಭೂಮಿಯು ಸಾಗುವಳಿಯಲ್ಲಿಯೇ ಉಳಿದು, ಮುಚ್ಚಿದ್ದ ಒಂದು ಮನೆಯಲ್ಲಿ ಮತ್ತೆ ದೀಪ ಉರಿಯುತ್ತದೆ. ಮುಂದಿನ ಭರಣಿಯ ಮಳೆಗೆ ಮೊದಲೇ ಪ್ರಮುಖರು ತಮ್ಮ ತಮ್ಮ ಗ್ರಾಮಗಳಲ್ಲಿ ಇಂತಹ ಒಕ್ಕಲುಗಳನ್ನು ವಿಚಾರಿಸಿ, ಮೇಲಿನ ಅಂಶಗಳನ್ನು ಆಚರಣೆಗೆ ತರುವರೆಂದು ನಂಬಲಾಗಿದೆ.